ಓವನ್ನಿನ ಟ್ರೇ

ಮನೆ ಪಾಲಾದಾಗ ಓವನ್ ದೊಡ್ಡ ಸೊಸೆಯ ಪಾಲಿಗೆ ಬಂತು, ಅದರ ಟ್ರೇ ಚಿಕ್ಕವಳ ಪಾಲಿಗೆ. ಪಟ್ಟಿ ಬರೆದವರು ಅವರ ಗಂಡಂದಿರು, ಅಣ್ಣ-ತಮ್ಮ. ಹದಿನಾರು ವರ್ಷದಲ್ಲಿ ನೀರು ಕುಡಿಯುವುದಕ್ಕೆ ಬಿಟ್ಟರೆ ಅಡುಗೆಮನೆಗೆ ಕಾಲಿಟ್ಟವರಲ್ಲ. ಓವನ್ನನ್ನು ಕರೆಂಟಿನ ಸಾಮಾನಿಗೂ ಟ್ರೇಯನ್ನು ಪಾತ್ರೆಪಡಗಕ್ಕೂ ಸೇರಿಸಿ, ಒಂದು ನಿನಗೆ ಒಂದು ನನಗೆ ಎಂದು ಹಂಚಿಕೊಂಡು ಕಾಫಿ ಕುಡಿದರು. ಆ ಹಳೆಯ ಓವನ್ನಿಗೆ ಬೇರೆ ಯಾವ ಟ್ರೇಯೂ ಹಿಡಿಸುವುದಿಲ್ಲ ಎಂಬುದು ಅವರಿಗಾದರೂ ಹೇಗೆ ಗೊತ್ತಾಗಬೇಕು?

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವ್ಯಾನ್ ಬರುವುದಿತ್ತು. ಚಿಕ್ಕವಳು ಗಂಡ, ಮಗಳ ಜೊತೆ ಊರಿನ ಇನ್ನೊಂದು ತುದಿಯ ಬಾಡಿಗೆ ಮನೆಗೆ ಹೊರಡುವವಳು. ಶನಿವಾರ ಸಂಜೆ ಐದಕ್ಕೆ ದೊಡ್ಡವಳು ಅಭ್ಯಾಸಬಲದಿಂದ ಸೇಬು ಹೆಚ್ಚಲು ಕೂತಳು. ಪ್ರತಿ ಶನಿವಾರದ ಕೆಲಸ ಅದು: ನಿನ್ನೆಯ ಬ್ರೆಡ್ಡನ್ನು ಹಾಲು, ಮೊಟ್ಟೆ, ಸಕ್ಕರೆಯಲ್ಲಿ ಅದ್ದಿ, ನಡುನಡುವೆ ಹಣ್ಣು ತುಂಬಿ ಟ್ರೇಯನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಗಾಗುವುದರೊಳಗೆ ಚೆನ್ನಾಗಿ ನೆನೆದಿರುತ್ತದೆ, ಎದ್ದ ಮೇಲೆ ಬೇಯಿಸುವುದಷ್ಟೇ ಬಾಕಿ.

ನಾಲ್ಕನೆಯ ಸೇಬಿಗೆ ಬಂದಾಗ ಅವಳಿಗೆ ನೆನಪಾಯಿತು. ಟ್ರೇ ಮೆಟ್ಟಿಲ ಬಳಿಯ ರಟ್ಟಿನ ಪೆಟ್ಟಿಗೆಯಲ್ಲಿದೆ, ಟೇಪು ಅಂಟಿಸಿಯಾಗಿದೆ. ಕೇಳೋಣವೆಂದರೆ ಓರಗಿತ್ತಿಯರ ನಡುವೆ ಹನ್ನೊಂದು ದಿನದಿಂದ ಮಾತಿಲ್ಲ. "ಈ ಮನೇಲಿ ದುಡಿದು ಸಾಯೋಳು ನಾನೊಬ್ಬಳೇ" ಎಂದು ಊಟದ ಹೊತ್ತಿನಲ್ಲಿ ಬಾಯಿ ಜಾರಿದ್ದು ದೊಡ್ಡವಳೇ. ನಾಲ್ಕೇ ದಿನದಲ್ಲಿ ಬಾಡಿಗೆ ಮನೆ ಗೊತ್ತುಮಾಡಿಯಾಗಿತ್ತು. ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದು ದಿನವೂ ಅನ್ನಿಸುತ್ತಿತ್ತು, ನಾಲಿಗೆ ಮಾತ್ರ ಏಳುತ್ತಿರಲಿಲ್ಲ. ನಾಳೆ ವ್ಯಾನ್ ಹೊರಟುಹೋದರೆ ಇನ್ನೆಂದೂ ಆಗುವುದಿಲ್ಲ ಎಂದು ಅವಳಿಗೆ ಭಯವಾಗಿತ್ತು.

ಚಿಕ್ಕವಳು ತನ್ನ ಟೀ ಸೋಸುವ ಜಾಲರಿ ಒಯ್ಯಲು ಬಂದಳು. ತೆಗೆದುಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.

"ಸೇಬು ಕಪ್ಪಾಗ್ತಿದೆ."

"ಆಗ್ಲಿ ಬಿಡು."

"ನಿಂಬೆರಸ ಹಾಕಿಲ್ವಾ?"

"ನಾನು ಯಾವತ್ತು ಹಾಕಿದ್ದೆ? ನಿಂಬೆ ಹಿಂಡೋಳು ನೀನಲ್ವಾ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಷ್ಟೇ. ಹೆಚ್ಚುವುದು ದೊಡ್ಡವಳು, ನಿಂಬೆ ಹಿಂಡುವುದು, ಹಣ್ಣು ಜೋಡಿಸುವುದು ಚಿಕ್ಕವಳು. ಯಾರೂ ಪಟ್ಟಿ ಬರೆಯದೆ ಹದಿನಾರು ವರ್ಷ ನಡೆದ ಹಂಚಿಕೆ. ಆದರೆ ಹೇಳಿದ ಮೇಲೆ ದೊಡ್ಡವಳಿಗೇ ತನ್ನ ಮಾತು ಚುರುಕ್ಕೆಂದಿತು. ದುಡಿದವಳು ತಾನೊಬ್ಬಳೇ ಅಲ್ಲವೆಂದು ತನ್ನ ಬಾಯಿಂದಲೇ ಬಂದಿತ್ತಲ್ಲ! ಕಣ್ಣು ತುಂಬಿತು. ಈರುಳ್ಳಿಯಾಗಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.

"ಅವತ್ತು ನಾನು ಹಾಗನ್ನಬಾರದಿತ್ತು ಕಣೇ," ಎಂದಳು, ತಲೆ ಎತ್ತದೆ.

ಚಿಕ್ಕವಳು ಹೊರಗೆ ಹೋದಳು. ಮೆಟ್ಟಿಲ ಬಳಿ ಟೇಪು ಪರ್ರೆಂದು ಕಿತ್ತ ಸದ್ದು. ಟ್ರೇ ಹಿಡಿದು ಬಂದವಳು ನಿಂಬೆ ಹಿಂಡಿದಳು, ಬ್ರೆಡ್ಡು ಹಾಸಿದಳು, ಹಣ್ಣು ಜೋಡಿಸಿದಳು. ಒಣದ್ರಾಕ್ಷಿ ಉದುರಿಸುವಾಗ ಒಂದು ಮೂಲೆ ಖಾಲಿ ಬಿಟ್ಟಳು. ಭಾವನಿಗೆ ದ್ರಾಕ್ಷಿ ಸೇರುವುದಿಲ್ಲ. ಹೊರಡುವ ಗಡಿಬಿಡಿಯಲ್ಲೂ ಅದನ್ನು ಮರೆಯಲಿಲ್ಲವಲ್ಲ ಎಂದು ದೊಡ್ಡವಳಿಗೆ ಇನ್ನಷ್ಟು ಸಂಕಟವಾಯಿತು.

ಬೆಳಿಗ್ಗೆ ಗಂಟುಮೂಟೆಗಳ ನಡುವೆ ಕೂತು ಎರಡೂ ಸಂಸಾರದ ಆರು ಜನ ಟ್ರೇ ಖಾಲಿ ಮಾಡಿದರು. ಅದನ್ನು ತೊಳೆದಿಡುವ ಹೊತ್ತಿಗೆ ವ್ಯಾನ್ ಹಾರ್ನ್ ಹೊಡೆಯಿತು. ದೊಡ್ಡವಳ ಗಂಡನಿಗೆ ಆಗ ಜ್ಞಾನೋದಯ.

"ಅಲ್ಲಾ, ಇದು ನಮ್ಮ ಓವನ್ನಿಂದೇ ಟ್ರೇ ಅಲ್ವಾ? ಪಟ್ಟೀಲಿ ತಪ್ಪಾಗಿದೆ. ತಡಿ, ಈಗಲೇ ತಿದ್ದಿಬಿಡ್ತೀನಿ." ಜೇಬಿನಿಂದ ಪೆನ್ನು ತೆಗೆದ.

"ಇಲ್ಲೇ ಇರ್ಲಿ ಭಾವ," ಎಂದಳು ಚಿಕ್ಕವಳು ಮೆಲ್ಲಗೆ. "ಅಲ್ಲಿ ನಂಗೆ ಯಾವ ಕೆಲಸಕ್ಕೆ ಬರುತ್ತೆ?"

ದೊಡ್ಡವಳಿಗೆ ಥಟ್ಟನೆ ಹೊಳೆಯಿತು. ಟ್ರೇ ಇಲ್ಲಿ ಉಳಿದರೆ ಎಲ್ಲ ಸರಿಹೋಯಿತು, ಆಮೇಲೆ ಇವಳು ಈ ಮನೆಗೆ ಮತ್ತೆ ಬರಲು ಒಂದು ಕಾರಣವೂ ಉಳಿಯುವುದಿಲ್ಲ. ಅವಳು ಟ್ರೇಯನ್ನು ಇನ್ನೊಮ್ಮೆ ಒರೆಸಿ ಚಿಕ್ಕವಳ ಕೈಗಿಟ್ಟಳು.

"ಪಟ್ಟಿ ಸರಿಯಾಗೇ ಇದೆ. ನೀವು ಪೆನ್ನು ಒಳಗಿಡಿ."

"ಬರೀ ಓವನ್ ಇಟ್ಕೊಂಡು ನೀನೇನೇ ಮಾಡ್ತೀಯಾ?"

ಚಿಕ್ಕವಳು ಒಂದು ಗಳಿಗೆ ದೊಡ್ಡವಳ ಮುಖ ನೋಡಿದಳು. ಪೆಟ್ಟಿಗೆಗೆ ಹಾಕದೆ ಟ್ರೇಯನ್ನು ಎದೆಗವಚಿಕೊಂಡೇ ವ್ಯಾನ್ ಹತ್ತಿ ಕೂತಳು. ಗಾಡಿ ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಅಕ್ಕಾ, ಶನಿವಾರ ನಾನು ಬರೋ ತನಕ ಸೇಬು ಹೆಚ್ಚಬೇಡಿ. ಕಪ್ಪಾಗುತ್ತೆ!"