ಹನ್ನೊಂದು ವಾರದ ಬಳೆ

ಹಾರ್ಮೋನ್ ಮಾತ್ರೆಯಿಂದ ಗರ್ಭ ನಿಂತ ದಿನವೇ ಆಸ್ಪತ್ರೆಯವರು ಒಂದು ಚೀಟಿ ಕೊಡುತ್ತಾರೆ. ಆ ಗರ್ಭ ಎಷ್ಟು ವಾರ ಉಳಿಯುತ್ತದೆಂದು ಅದರಲ್ಲಿ ಬರೆದಿರುತ್ತದೆ. ಚೀಟಿ ಈವರೆಗೆ ಸುಳ್ಳಾಗಿಲ್ಲ. ಹಾಗಾಗಿ ಬಸುರಿಗೆ ಹಸಿರು ಬಳೆ ಇಡಿಸುವ ಏಳನೇ ತಿಂಗಳ ಕುಬಸವನ್ನು ಗದಗಿನ ಮನೆಗಳಲ್ಲಿ ಈಗ ಏಳನೇ ತಿಂಗಳಿಗೆ ಕಾಯದೆ, ಚೀಟಿ ನೋಡಿಕೊಂಡು ಆ ವಾರಗಳೊಳಗೇ ಮಾಡುತ್ತಾರೆ.

ಬಳೆಗಾರ ಇಮಾಮಸಾಬರ ಮುಂದೆ ನೀಲವ್ವ ಕೈ ಚಾಚಿ ಕೂತಳು.

“ಚೀಟ್ಯಾಗ ಎಷ್ಟು ವಾರ ಐತಿ, ತಂಗಿ?”

“ಹನ್ನೊಂದ್ರಿ,” ಎಂದವಳು ಅತ್ತೆ ಬಸಲಿಂಗವ್ವ. “ಮೊದಲ್ನೇದು ಆರು, ಹ್ವಾದ ಸಲ ಒಂಬತ್ತು. ಏರಾಕತ್ತೈತಿ ನೋಡ್ರಿ.”

ಇಮಾಮಸಾಬರು ತಲೆದೂಗಿ, ಹೋದ ಸಲದ ಅಳತೆಯ ಬಳೆಗಳನ್ನೇ ತೆಗೆದರು.

“ಬಸರಿ ಕೈಗೆ ಸಡ್ಲ ಬಳಿ ಇಡ್ತಾರಲ್ರಿ, ಚಾಚಾ?” ಎಂದಳು ನೀಲವ್ವ.

“ಅದು ದಿನ ತುಂಬೋರಿಗೆ, ಅವ್ವಾ. ಅವರ ಕೈ ಊದ್ತಾವು. ಹನ್ನೊಂದು ವಾರಕ್ಕ ಊದಂಗಿಲ್ಲ.”

“ಇರ್ಲಿ. ಎರಡು ಅಳತಿ ದೊಡ್ಡವು ಇಡ್ರಿ.”

ಅತ್ತೆ ರಸ್ತೆಯ ಕಡೆ ಮುಖ ತಿರುಗಿಸಿದಳು. ಇಮಾಮಸಾಬರು ತೆಗೆದ ಬಳೆಗಳನ್ನು ಬದಿಗಿಟ್ಟು, ದೊಡ್ಡವನ್ನೇ ಇಟ್ಟರು.

ಮನೆ ಮುಟ್ಟುವವರೆಗೂ ನೀಲವ್ವ, ಬಳೆ ಜಾರಿ ಬೀಳದಂತೆ, ಎರಡೂ ಕೈಗಳನ್ನು ಮೇಲೆತ್ತಿಕೊಂಡೇ ನಡೆದಳು.