ಮೂಟೆ ಹೊರುವವನ ಚಿತ್ರ

“ಈ ಚಿತ್ರ ತೆಗೆದದ್ದು ಯಾವಾಗ? ಅವನು ಈಗಲೂ ಅಲ್ಲೇ ಇದ್ದಾನಾ?”

ತೊಂಪೊ ಆ ಸಂದೇಶವನ್ನು ಮತ್ತೆ ಓದಿದ. ಬೆಲೆ ಕೇಳಿರಲಿಲ್ಲ, ಫ್ರೇಮಿನ ಮಾತೂ ಇರಲಿಲ್ಲ. ಆದರೂ ಆಸೆ ಚಿಗುರಿತು. ಮಕಾಸ್ಸರ್ ಬಂದರಿನಲ್ಲಿ ತಾನು ತೆಗೆದ ಚಿತ್ರಗಳ ಪ್ರಿಂಟ್ ಮಾರಲು ಅವನು ಆನ್‌ಲೈನ್ ಅಂಗಡಿ ತೆರೆದು ವರ್ಷವಾಗಿತ್ತು. ಬಂದವರು ಲೈಕ್ ಒತ್ತಿ ಹೋಗುತ್ತಿದ್ದರು. ಕೊಂಡವರು ಯಾರೂ ಇಲ್ಲ. ಇದಕ್ಕಾಗಿ ಮದುವೆ ಫೋಟೊ ತೆಗೆಯುವ ಕೆಲಸವನ್ನೂ ಬಿಟ್ಟಿದ್ದ.

“ಸಿಮೆಂಟ್ ಮೂಟೆ ಹೊರೋನ ಮುಖಾನ ಯಾರ್ರೀ ತಂದು ಗೋಡೆಗೆ ಹಾಕ್ಕೋತಾರೆ?” ಎಂದು ಹೆಂಡತಿ ಹಾಸ್ನಾ ಹಂಗಿಸುತ್ತಿದ್ದಳು. ಅವನ ಕ್ಯಾಮೆರಾಗೆ ಗಿರಾಕಿಯನ್ನೂ ಹುಡುಕಿಟ್ಟಿದ್ದಳು.

ಈಗ ಅದೇ ಮೂಟೆ ಹೊರುವವನನ್ನು ಕೇಳಿಕೊಂಡು ಒಬ್ಬಳು ಬಂದಿದ್ದಾಳೆ. ಹೆಸರು ವಾರ್ಸಿನಿ. ಊರು ಸಮುದ್ರದಾಚೆ, ಜಾವಾದ ಗ್ರೆಸಿಕ್.

ಕಳೆದ ತಿಂಗಳು ತೆಗೆದದ್ದು, ಅವನು ದಿನವೂ ಬಂದರಿಗೆ ಬರುತ್ತಾನೆ ಎಂದು ತೊಂಪೊ ಉತ್ತರಿಸಿದ. ಅವಳು ಎಲ್ಲಕ್ಕಿಂತ ದೊಡ್ಡ ಪ್ರಿಂಟ್ ಆರ್ಡರ್ ಮಾಡಿದಳು. “ಎಡಗೈ ಚೆನ್ನಾಗಿ ಕಾಣಬೇಕು ಅಣ್ಣ,” ಎಂದು ಬರೆದಿದ್ದಳು.

ಪ್ರಿಂಟ್ ತಲುಪಿದ ದಿನ ಅವಳೇ ಫೋನ್ ಮಾಡಿದಳು. ಅಳುವಿನ ನಡುವೆ ಮಾತು ತುಂಡಾಗುತ್ತಿತ್ತು.

“ಬೆರಳಿಲ್ಲದ ಆ ಕೈ ಅವನದೇ. ನನ್ನ ಗಂಡ. ದೋಣಿ ಮುಳುಗಿ ಸತ್ತೋದ ಅಂತ ಎಲ್ಲರೂ ಅಂದಿದ್ರು.” ಆಮೇಲೆ ಕೇಳಿದಳು: “ಅಲ್ಲಿಂದ ಇಲ್ಲಿಗೆ ಹಡಗು ಇದ್ಯಾ ಅಣ್ಣ?”

“ಇದೆ ತಂಗಿ. ನಿಮ್ಮ ಪಕ್ಕದ ಸುರಬಾಯಾಗೆ ವಾರದಲ್ಲಿ ಬೇಕಾದಷ್ಟು.”

ಅತ್ತ ಬಾಗಿಲಿಗೆ ಅಗುಳಿ ಹಾಕಿದ ಸದ್ದು ಕೇಳಿಸಿತು.

“ಆ ಚಿತ್ರ ಅಂಗಡಿಯಿಂದ ತೆಗೆದುಬಿಡಿ. ನಾನು ವಿಚಾರಿಸಿದೆ ಅಂತ ಯಾರಿಗೂ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಸತ್ತ ಗಂಡ ಬದುಕಿದ್ದಾನೆ. ಅವನ ಮುಖ ಪರರ ಗೋಡೆಗೆ ಹೋಗುವುದು ಯಾವ ಹೆಂಗಸು ಸಹಿಸಿಯಾಳು? ತೊಂಪೊ ಚಿತ್ರವನ್ನು ತೆಗೆದುಹಾಕಿದ. ಆದರೆ ಇನ್ನೊಂದು ಚಿತ್ರ ಅವನ ತಲೆ ಹೊಕ್ಕಿತು. ಹೊಸ್ತಿಲು. ಬಾಗಿಲು ತೆರೆಯುವ ಹೆಂಡತಿ. ಎದುರಿಗೆ ಗಂಡ. ಅದೊಂದು ಸಿಕ್ಕರೆ ಸಾಕು, ಜಗತ್ತೇ ತನ್ನ ಅಂಗಡಿಗೆ ಬರುತ್ತದೆ.

“ಅವನನ್ನ ಕರ್ಕೊಂಡು ಹೋಗೋ ಮೊದಲು ಅವಳನ್ನ ಒಂದು ಮಾತು ಕೇಳಿ,” ಎಂದಳು ಹಾಸ್ನಾ.

“ಮೊದಲೇ ಹೇಳಿಬಿಟ್ರೆ ಮುಖದಲ್ಲಿ ಆ ಬೆಳಕು ಎಲ್ಲಿಂದ ಬರುತ್ತೆ?”

ಬಂದರಿನಲ್ಲಿ ಅವನು ವಾರ್ಸಿನಿಯ ಹೆಸರು ಹೇಳುತ್ತಲೇ ಮೂಟೆ ಹೊರುವ ಕಮ್ತೊ ಹೊರೆಯನ್ನು ಕೆಳಕ್ಕೆ ಹಾಕಿದ. ಕಣ್ಣಲ್ಲಿ ನೀರು ತುಂಬಿತು.

“ಬದುಕಿ ಊರಿಗೆ ಹೋದೆ ಅಣ್ಣ. ಮನೆ ಖಾಲಿ. ಎಲ್ಲಿಗೆ ಹೋದ್ಲು ಅಂತ ಒಬ್ರೂ ಬಾಯಿ ಬಿಡಲಿಲ್ಲ. ಎಲ್ಲೆಲ್ಲಿ ಹುಡುಕಿದೆ ಗೊತ್ತಾ?” ಮುಖ ಒರೆಸಿಕೊಂಡ. “ಒಬ್ಬಳೇ ಇದ್ದಾಳಾ?”

“ಹಾಗೇ ಕಾಣುತ್ತೆ. ನಡಿ, ನಾನೇ ಕರ್ಕೊಂಡು ಹೋಗ್ತೀನಿ.”

ಪ್ರಿಂಟ್ ಕಳಿಸಿದ ವಿಳಾಸವಂತೂ ಇತ್ತು. ಹಡಗಿನಲ್ಲಿ ಕಮ್ತೊ ಊಟ ಮುಟ್ಟಲಿಲ್ಲ. ಕಾದು ಕಾದು ಬೆಂದ ಜೀವ ಎಂದು ತೊಂಪೊ ಮರುಗಿದ.

ಗ್ರೆಸಿಕ್‌ನ ಆ ಓಣಿಯಲ್ಲಿ ಬಿಸಿಲಿಗೆ ಒಣಮೀನು ಹರವಿದ್ದರು. ಮುಚ್ಚಿದ ಬಾಗಿಲ ಹಿಂದೆ ಹೊಲಿಗೆ ಯಂತ್ರದ ಸದ್ದು. ಕಮ್ತೊ ಬಾಗಿಲ ಪಕ್ಕಕ್ಕೆ ಸರಿದು ಗೋಡೆಗೆ ಒತ್ತಿ ನಿಂತ.

“ನೀವೇ ಕರೀರಿ ಅಣ್ಣ. ನಿಮ್ಮ ದನಿ ಅವಳಿಗೆ ಗುರುತಿದೆ. ತೆಗೀತಾಳೆ.”

ತೊಂಪೊ ಕ್ಯಾಮೆರಾ ಕಣ್ಣಿಗೆ ಹಿಡಿದು ಕೂಗಿದ. “ತಂಗಿ, ನಾನು ತೊಂಪೊ! ಫೋಟೊದವನು!”

ಯಂತ್ರ ನಿಂತಿತು. ಒಳಗೆ ಒಂದರ ಹಿಂದೊಂದು ಅಗುಳಿಗಳು ಸರಿದವು. ಬಾಗಿಲು ತೆರೆಯಿತು. ಅವಳ ಕಿವಿಯಿಂದ ಕತ್ತಿನವರೆಗೆ ಸುಟ್ಟ ಹಳೆಯ ಕಲೆ ಇತ್ತು. ನಗುತ್ತಲೇ ಹೊರಬಂದವಳ ದಾರಿಗೆ ಕಮ್ತೊ ಅಡ್ಡ ಬಂದು ಬಾಗಿಲು ಮುಚ್ಚದಂತೆ ಕಾಲು ಕೊಟ್ಟ. ಅವಳು ಕಿರುಚಲಿಲ್ಲ. ಗಂಡನ ಕಡೆ ನೋಡಲೂ ಇಲ್ಲ. ಕ್ಯಾಮೆರಾದೊಳಕ್ಕೆ, ನೇರ ತೊಂಪೊನ ಕಣ್ಣೊಳಕ್ಕೆ ನೋಡಿದಳು.

“ಇವನಿಂದ ಇನ್ನೆಷ್ಟು ದೂರ ಓಡಬೇಕು ಅಂತ ತಿಳ್ಕೊಳ್ಳೋಕಲ್ವಾ ಅಣ್ಣ, ನಾನು ಕೇಳಿದ್ದು?”