ಟಿವಿ ಕೆಳಗಿನ ಬ್ಯಾಂಡು

"ಈ ಸಲವೂ ನೀನು ಬರಲಿಲ್ಲ" ಎಂದು ಲೋರ್ನ್ ಕಣ್ಣು ಮುಚ್ಚಿ ಹಾಡುತ್ತಿದ್ದಾಗ ಬಾರಿನಲ್ಲಿದ್ದ ಜನವೆಲ್ಲ ಕುರ್ಚಿ ಉರುಳಿಸಿಕೊಂಡು ಎದ್ದು, ಎರಡೂ ಕೈ ಮೇಲೆತ್ತಿ, ಸೂರು ಹಾರಿಹೋಗುವಂತೆ ಕೂಗಿತು. ಗಣಿ ಕೆಲಸಕ್ಕೆ ಹೋದ ಅಪ್ಪ ತಿರುಗಿ ಬರಲೇ ಇಲ್ಲ ಎಂಬ ಹಾಡು ಅದು, ಹಾಗೆಲ್ಲ ಕೂಗಾಡುವಂಥದ್ದಲ್ಲ. ಆದರೂ ಒಂದು ಕ್ಷಣ ಲೋರ್ನ್ ಸ್ವರ್ಗದಲ್ಲಿದ್ದ. ಕಣ್ಣು ಬಿಟ್ಟರೆ ಎಲ್ಲರ ದೃಷ್ಟಿಯೂ ಅವನ ತಲೆಯಿಂದ ಒಂದು ಮೊಳ ಮೇಲೆ. ಅಲ್ಲಿ ಟಿವಿ ಇತ್ತು. ಐಸ್ ಹಾಕಿ ಫೈನಲಿನಲ್ಲಿ ಊರಿನ ತಂಡ ಥಂಡರ್ ಬೇ ಗೋಲು ಹೊಡೆದಿತ್ತು.

"ನಿಂಗಲ್ಲ ಕಣೋ, ಜಾಸ್ತಿ ಬೀಗಬೇಡ," ಎಂದಳು ಡ್ರಮ್ಸಿನ ಹಿಂದಿನಿಂದ ಗ್ವೆನ್.

ಯಾವ ಕಂಪನಿಯ ಹಂಗೂ ಇಲ್ಲದೆ, ತಮ್ಮ ರೆಕಾರ್ಡು ತಾವೇ ಮಾಡಿಸಿ ವ್ಯಾನಿನ ಹಿಂಬಾಗಿಲಿನಿಂದ ಮಾರುತ್ತಿದ್ದ ಬ್ಯಾಂಡು ಅದು. ಉಳಿದವರು ಒಬ್ಬೊಬ್ಬರಾಗಿ ಸಂಬಳದ ಕೆಲಸ ಹಿಡಿದು ಜಾರಿಕೊಂಡ ಮೇಲೆ ಉಳಿದದ್ದು ಇವರಿಬ್ಬರೇ. ಬೇಸಿಗೆಯ ದೊಡ್ಡ ಸಂಗೀತ ಹಬ್ಬಕ್ಕೆ ಬ್ಯಾಂಡು ಆರಿಸುವ ಒಡೆಟ್ ಎಂಬಾಕೆ ಇವತ್ತು ಕೇಳಲು ಬರುವವಳಿದ್ದಳು. ಅವಳು ಬೇಡವೆಂದರೆ ನಾಳೆಯೇ ವ್ಯಾನು ಮಾರಿಬಿಡುವುದು ಎಂದು ಇಬ್ಬರೂ ಮಾತಾಡಿಕೊಂಡಾಗಿತ್ತು. ಫೈನಲ್ ಕೂಡ ಇವತ್ತೇ ಬಿದ್ದದ್ದು ಅವರ ಗ್ರಹಚಾರ. ಬಾರಿನ ಯಜಮಾನ ಟಿವಿಯ ಸದ್ದು ಆರಿಸಲು ಒಪ್ಪಿದ, ಚಿತ್ರ ಆರಿಸಲು ಮಾತ್ರ ಸುತರಾಂ ಒಪ್ಪಲಿಲ್ಲ.

ಹಾಡು ಮುಗಿಯುತ್ತಲೇ ಒಡೆಟ್ ಜನರನ್ನು ಸರಿಸಿಕೊಂಡು ಬಂದಳು. ಹೊರಗಿನ ಚಳಿಯಿಂದ ಬೆಚ್ಚನೆಯ ಬಾರಿಗೆ ಕಾಲಿಟ್ಟಿದ್ದೇ ಅವಳ ಕನ್ನಡಕಕ್ಕೆ ದಟ್ಟ ಮಂಜು ಕವಿದಿತ್ತು. ಟಿವಿಯಿರಲಿ, ಎದುರಿಗಿದ್ದ ಲೋರ್ನನೂ ಅವಳಿಗೆ ಸರಿಯಾಗಿ ಕಂಡಿರಲಾರ.

"ಅಬ್ಬಬ್ಬಾ! ಅಳೋ ಹಾಡಿಗೆ ಇಂಥಾ ಕೂಗು ನಾನು ಎಲ್ಲೂ ಕೇಳಿಲ್ಲ. ಮುಗೀತು ಬಿಡಿ, ಹಬ್ಬದ ಶನಿವಾರ ಸಂಜೆ ದೊಡ್ಡ ವೇದಿಕೆ ನಿಮ್ದೇ."

ಲೋರ್ನ್ ಬಾಯಿ ತೆರೆದ. ಅವನ ಬುದ್ಧಿ ಬಲ್ಲ ಗ್ವೆನ್ ಡ್ರಮ್ಸು ಬಿಟ್ಟು ಎದ್ದು ಬಂದು ಬೂಟುಗಾಲಿನಿಂದ ಅವನ ಪಾದವನ್ನು ಬಲವಾಗಿ ತುಳಿದಳು.

"ಸಾರಿ," ಎಂದ ಲೋರ್ನ್ ಮೊದಲು ಗ್ವೆನ್‌ಗೆ. ಆಮೇಲೆ ಒಡೆಟ್ ಕಡೆ ತಿರುಗಿ, "ಸಾರಿ ಮೇಡಂ, ಆ ಕೂಗು ನಮ್ದಲ್ಲ. ಹಾಕಿ ಆಟದ್ದು," ಎಂದು ಟಿವಿ ತೋರಿಸಿದ.

ಒಡೆಟ್ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮೇಲೆ ನೋಡಿದಳು. "ಹಂಗಾದ್ರೆ ನಿಮ್ ಪಾಲಿನ ಕೂಗು ಎಲ್ಲಿ?"

"ಅದು... ಇನ್ನೂ ಬಂದಿಲ್ಲ ಮೇಡಂ."

"ಹೂಂ. ಆಟ ಮುಗಿಯೋ ತನಕ ಇರ್ತೀನಿ. ಸ್ಕೋರ್ ಎಷ್ಟು?" ಎಂದು ಅವಳೂ ಕುರ್ಚಿ ಎಳೆದುಕೊಂಡು ಟಿವಿಗೆ ಮುಖ ಮಾಡಿ ಕೂತಳು.

"ಸತ್ಯಹರಿಶ್ಚಂದ್ರ!" ಎಂದು ಗ್ವೆನ್ ಹಲ್ಲು ಕಡಿದಳು. "ವ್ಯಾನಿಗೆ ಗಿರಾಕಿ ಹುಡ್ಕು, ಹೋಗು."

ಆಮೇಲೆ ಅವರು ಏನು ನುಡಿಸಿದರೋ ಅವರಿಗೇ ನೆನಪಿಲ್ಲ. ಕೊನೆಯ ನಿಮಿಷದಲ್ಲಿ ಎದುರಾಳಿಯ ಒಂದು ಹೊಡೆತ ಗೋಲ್‌ಕೀಪರನ ಕಾಲ ಸಂದಿಯಿಂದ ನುಸುಳಿತು. ಕಾಲು ಶತಮಾನದಿಂದ ಊರು ಕಾಯುತ್ತಿದ್ದ ಕಪ್ ಮತ್ತೊಮ್ಮೆ ಕೈತಪ್ಪಿತು. ಯಜಮಾನನೇ ಟಿವಿ ಆರಿಸಿದ. ಅರ್ಧ ತಿಂದ ಆಲೂಗಡ್ಡೆ ಪೂಟೀನ್ ತಟ್ಟೆಗಳನ್ನು ಅಲ್ಲೇ ಬಿಟ್ಟು ಜನ ಕೋಟುಗಳತ್ತ ಕೈಚಾಚಿದರು. ಒಡೆಟ್ ಕೂಡ ಒಂದು ತೋಳು ತೂರಿಸಿಯಾಗಿತ್ತು.

ಲೋರ್ನ್‌ಗೆ ಏನನ್ನಿಸಿತೋ, ಡ್ರಮ್ಸಿಗೂ ಕಾಯದೆ ಆ ಹಾಡನ್ನೇ ಮತ್ತೆ ಎತ್ತಿಕೊಂಡ. ಈ ಸಲವೂ ನೀನು ಬರಲಿಲ್ಲ, ದೀಪ ಹಚ್ಚಿಟ್ಟಿದ್ದೆವು, ಮುಂದಿನ ಚಳಿಗಾಲ ನೋಡೋಣ.

ಕೋಟುಗಳು ಅಲ್ಲಲ್ಲೇ ನಿಂತವು. ಯಾರೋ ಮೂಗು ಒರೆಸಿಕೊಂಡರು. ಎಲ್ಲ ಕಣ್ಣುಗಳೂ ಒಂದು ಮೊಳ ಕೆಳಗಿಳಿದು ಅವನ ಮುಖದ ಮೇಲೆ ನೆಟ್ಟಿದ್ದವು. ಲೋರ್ನ್‌ಗೆ ಹೆದರಿಕೆಯಾಯಿತು, ಸುಖವೂ ಆಯಿತು. ಹಾಡು ಮುಗಿದರೂ ಒಂದು ಚಪ್ಪಾಳೆಯಿಲ್ಲ, ಒಂದು ಕೂಗಿಲ್ಲ.

"ಶನಿವಾರ ಸಂಜೆ," ಎಂದಳು ಒಡೆಟ್, ಕೋಟಿನ ಖಾಲಿ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ. "ತಪ್ಪಿಸ್ಬೇಡಿ."

ಅಷ್ಟರಲ್ಲಿ ಹಿಮ ಗುಡಿಸುವ ಲಾರಿಯ ಡ್ರೈವರ್ ವೆಂಡಲ್ ಎದ್ದು ಬಂದ. ತಂಡದ ಅಭಿಮಾನಕ್ಕೆ ಮುಖಕ್ಕೆಲ್ಲ ಬಳಿದುಕೊಂಡಿದ್ದ ನೀಲಿ ಬಣ್ಣ ಕಣ್ಣೀರಿಗೆ ಕರಗಿ ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಲೋರ್ನ್‌ನ ಎರಡೂ ಭುಜ ಹಿಡಿದು, "ನಾವು ಸೋತು ಇನ್ನೂ ಐದು ನಿಮಿಷ ಆಗಿಲ್ವಲ್ಲೋ ಗುರು," ಎಂದು ಬಿಕ್ಕಿದ. "ನಮ್ ತಂಡದ ಮೇಲೆ ಇಂಥಾ ಹಾಡು ಯಾವಾಗ ಬರೆದೆ?"

ಹದಿನೆಂಟು ಚಳಿಗಾಲ ಅದೇ ಮೂಲೆಯಲ್ಲಿ ಅದೇ ವೆಂಡಲ್‌ನ ಎದುರಿಗೆ ಅದೇ ಹಾಡು ಹಾಡಿದ್ದ ಲೋರ್ನ್, ಅವನ ಬೆನ್ನು ತಟ್ಟಿ ಹೇಳಿದ: "ಈಗಷ್ಟೇ ಕಣೋ."